ಚಿಕ್ಕಜ್ಜ ಕೊಂಡ ದುಬಾರಿ ದನಿ

ಮಕ್ಕಳೇ, ನಿಮ್ಮ ಚಿಕ್ಕಜ್ಜನಷ್ಟು ದುಬಾರಿ ಕಿವುಡರು ಇಡೀ ದೆಹಲಿಯಲ್ಲಿ ಇನ್ನೊಬ್ಬರಿಲ್ಲ! ಸಬ್ಜಿ ಭಯ್ಯಾ ಕೊತ್ತಂಬರಿ ಪುಕ್ಕಟೆ ಕೊಡದಿದ್ದರೆ ತರಕಾರಿಯನ್ನೇ ವಾಪಸ್ ಮಾಡುವ ಈ ನನ್ನ ಮೈದುನ, ಹೋದ ಚಳಿಗಾಲದಲ್ಲಿ ಫ್ರಿಜ್‌ಗಿಂತ ಹೆಚ್ಚು ಬೆಲೆ ಕೊಟ್ಟು ಸ್ಟುಡಿಯೋದವರ ಸಾಫ್ಟ್‌ವೇರ್ ತಂದರು. ದನಿ ತಿದ್ದುವುದಕ್ಕಂತೆ. ಬಾಗಿಲ ಗಂಟೆಯೇ ಕೇಳದವರಿಗೆ!

“ಚಿಕ್ಕಜ್ಜ, ಫ್ರೀ ವಾಲಾ ಭೀ ಯಹೀ ಕರ್ತಾ ಹೈ!” ಎಂದು ಕೂಗಿದ ನಿಮ್ಮಲ್ಲಿ ದೊಡ್ಡವನು. ಪುಕ್ಕಟೆ ಸಿಗುವುದೂ ಇದೇ ಕೆಲಸ ಮಾಡುತ್ತದಂತೆ.

“ಫ್ರೀ ಕೇಳೋದು ಕೊತ್ತಂಬರಿ ಒಂದನ್ನೇ ಕಣೋ!”

ಅವರಿಗೆ ಬೇಕಾಗಿದ್ದುದು ಅವರಮ್ಮನ ಜೋಗುಳ. ನಿಮ್ಮಪ್ಪನ ತೊಟ್ಟಿಲು ತೂಗುತ್ತ ನಮ್ಮತ್ತೆ ನನಗೆ ಕಲಿಸಿದ್ದು. ಈಗ ಅದು ಗೊತ್ತಿರುವುದು ನನಗೊಬ್ಬಳಿಗೇ. ತೆಳು ದನಿ ಅವರ ಕಿವಿಗೆ ಮಷೀನು ಹಾಕಿದರೂ ಮುಟ್ಟದು, ದಪ್ಪ ದನಿಯೂ ಬಹಳ ದಿನ ಕೇಳದು ಎಂದಿದ್ದರು ಡಾಕ್ಟರು. ಅಷ್ಟರೊಳಗೆ ಒಮ್ಮೆ ಕೇಳಬೇಕೆಂಬ ಆಸೆ.

ಆದರೆ ಹಾಡಬೇಕಾದವಳು ನಾನು! ಶಾಲೆಯ ಪ್ರಾರ್ಥನೆಯಲ್ಲೂ ಬರೀ ತುಟಿ ಅಲ್ಲಾಡಿಸಿದವಳು. “ನೀವು ಆಚೆ ಹೋದರೆ ಹಾಡುತ್ತೇನೆ” ಅಂದೆ. ಹೋದರು. ಹೋಗುವ ಮುಂಚೆ ನನಗೂ ಮೈಕಿಗೂ ಸೇರಿಸಿ ರಜಾಯಿ ಹೊದಿಸಿದರು! ಸ್ಟುಡಿಯೋ ಅಂತೆ. ಅವರು ಆ ಸಾಫ್ಟ್‌ವೇರ್ ಕಲಿಯುವಷ್ಟರಲ್ಲಿ ಮೇ ತಿಂಗಳು ಬಂದಿತ್ತು. ದೆಹಲಿ ಮಗ್ಗುಲಿನ ಗ್ರೇಟರ್ ನೋಯ್ಡಾದ ಮೇ, ಕೆಂಡದಂಥ ಸೆಕೆ!

ನಡುವೆ ಪಕ್ಕದ ಮನೆಯ ಕುಕ್ಕರ್ ಕೂಗಿತು. ಅವರಿಗದು ಕೇಳಿಸಲಿಲ್ಲ, ಆಮೇಲೆ ಕಂಪ್ಯೂಟರ್ ಪರದೆಯ ಮೇಲೆ ಗೆರೆಯಾಗಿ ಕಾಣಿಸಿತು. ನೇರ ಹೋಗಿ, “ಭಾಭೀಜಿ, ಆಜ್ ದಾಲ್ ಮತ್ ಪಕಾಯಿಯೇ” ಅಂದರೆ ಇವತ್ತು ಬೇಳೆ ಬೇಯಿಸಬೇಡಿ ಎಂದು ಕೈಮುಗಿದರು. ಸಂಜೆ ಆಕೆ ನನ್ನನ್ನು ಮೆಲ್ಲಗೆ ಕೇಳಿದಳು, ನಿಮ್ಮಲ್ಲಿ ಇವತ್ತು ಏನು ವ್ರತ?

ನಾಲ್ಕು ದಿನ ಕೂತು ನನ್ನ ದನಿಯನ್ನು ಕೆಳಗಿಳಿಸಿ, ದಪ್ಪ ಮಾಡಿ, ನಿಮ್ಮನ್ನೆಲ್ಲ ಕರೆದು ಕೇಳಿಸಿದರು. ಅಯ್ಯೋ, ನೆಗಡಿಯಾದ ಚೌಕೀದಾರ ಹಾಡಿದಂತಿತ್ತು! ನೀವು ಸೋಫಾ ಮೇಲೆ ಬಿದ್ದು ನಕ್ಕಿರಿ. “ಅಜ್ಜಿ, ಯು ಆರ್ ದ ವಿಲನ್!”

ಚಿಕ್ಕಜ್ಜ ಮಾತ್ರ ಸ್ಪೀಕರಿಗೆ ಕಿವಿ ಒತ್ತಿ ಕೂತಿದ್ದರು. ಹಾಡು ಮುಗಿದ ಮೇಲೂ ಏಳಲಿಲ್ಲ.

“ಕೇಳಿಸ್ತಾ?” ಅಂತ ಜೋರಾಗಿ ಕೇಳಿದೆ.

“ಪೂರ್ತಿ ಕೇಳಿಸ್ತು ಅತ್ತಿಗೆ.” ಆಮೇಲೆ ತಲೆ ತಗ್ಗಿಸಿ, “ಆದ್ರೆ ಕೊನೇಲಿ ನೀವು ಮಗನ ಹೆಸರು ಹಾಕಿದ್ದೀರಿ. ಅಮ್ಮ ಅಲ್ಲಿ ನಂಗೆ ‘ನನ್ನ ಗುಂಡ’ ಅಂತಿದ್ಲು.”

ಆ ಸಾಫ್ಟ್‌ವೇರ್ ಅಷ್ಟು ಬೆಲೆ ಬಾಳುತ್ತದೋ ಇಲ್ಲವೋ ನಾನು ಕಾಣೆ. ನನ್ನ ದನಿಯನ್ನು ಅವರ ಕಿವಿಯವರೆಗೆ ಅದು ಮುಟ್ಟಿಸಿತು, ಸುಳ್ಳಲ್ಲ. ನಾನು ಹಾಡದೇ ಬಿಟ್ಟ ಹೆಸರನ್ನು ಅದು ಎಲ್ಲಿಂದ ತಂದೀತು?

ಹತ್ತಿರ ಹೋಗಿ ಕೂತೆ. ನಿಮ್ಮೆಲ್ಲರೆದುರೇ, ಅವರ ಕಿವಿಗೆ ಬಾಯಿಟ್ಟು, ಆದಷ್ಟು ದಪ್ಪ ದನಿಯಲ್ಲಿ ಹಾಡಿದೆ. ಕೊನೆಯ ಸಾಲಿಗೆ ಬಂದು, ಎಪ್ಪತ್ತು ದಾಟಿದ ಆ ಮನುಷ್ಯನನ್ನು ‘ನನ್ನ ಗುಂಡ’ ಅಂದೆ.

ಅವರು ಕಣ್ಣು ಮುಚ್ಚಿಕೊಂಡೇ “ಆಂ” ಎಂದು ಓಗೊಟ್ಟರು.