ಅತ್ತೆ ಸಾರಿಸಿದ ಟೆನ್ನಿಸ್ ಅಂಗಳ

‘ನಾನು ಕಣ್ಣಾರೆ ಕಂಡಿದ್ದೇನೆ’ ಎನ್ನುವವರನ್ನು ಕಂಡರೆ ನನಗೆ ಅಳುಕು. ಒಮ್ಮೆ ನಾನೂ ಕಣ್ಣಾರೆ ಕಂಡವನೇ. ಆದರೆ ಕಂಡದ್ದೇನೆಂದು ಹೇಳಲು ನನ್ನಿಂದಾಗಲಿಲ್ಲ.

ಅರುವತ್ತರ ದಶಕದ ಕೊನೆ ಇರಬೇಕು. ನಾನಾಗ ಔರಂಗಾಬಾದಿನಲ್ಲಿ ತರ್ಕಶಾಸ್ತ್ರದ ಮೇಷ್ಟ್ರು. ಬೇಸಿಗೆ ರಜೆಗೆ ನಾಸಿಕಿಗೆ ಹೋಗಿದ್ದೆ. ಅಲ್ಲಿ ಹೆಂಡತಿಯ ಅಣ್ಣ ವಾಸುಭಾವನಿಗೆ ಸಣ್ಣದೊಂದು ಸಸ್ಯಾಹಾರಿ ಹೋಟೆಲು. ಊರಿನ ಕ್ಲಬ್ಬಿನ ಕ್ಯಾಂಟೀನು ತನಗೇ ಸಿಗಬೇಕೆಂದು ಅವನು ಎರಡು ವರ್ಷದಿಂದ ಕಾರ್ಯದರ್ಶಿಯ ಹಿಂದೆ ಬಿದ್ದಿದ್ದ. ಆ ವರ್ಷ ಪ್ರಾಂತ್ಯದ ದೊಡ್ಡ ಟೆನ್ನಿಸ್ ಪಂದ್ಯಾವಳಿ ಕ್ಲಬ್ಬಿನ ಮಣ್ಣಿನ ಅಂಕಣದಲ್ಲೇ ನಡೆಯಿತು. ಪುರುಷರ ಸಿಂಗಲ್ಸ್ ಫೈನಲಿನ ಹಿಂದಿನ ದಿನ ಅಂಕಣ ಸಾರಿಸುವವನು ಜ್ವರ ಬಂದು ಮಲಗಿದ. ಭಾವ ಅವಕಾಶ ಬಿಡಲಿಲ್ಲ. “ಸಗಣಿ ಸಾರಿಸೋದು ತಾನೆ? ನಮ್ಮ ಅಮ್ಮ ಇದ್ದಾರೆ” ಎಂದುಬಿಟ್ಟ.

ಅಮ್ಮ ಎಂದರೆ ನನ್ನ ಅತ್ತೆ. ಮಾವ ತೀರಿಕೊಂಡ ಮೇಲೆ ಕುಂದಾಪುರ ಬಿಟ್ಟು ಹೋಟೆಲಿನ ಮೇಲಿನ ಸಿಮೆಂಟು ಕೋಣೆಗೆ ಬಂದವರು. ಸಾರಿಸಲು ಅಂಗೈಯಗಲ ನೆಲವಿಲ್ಲವೆಂದು ಒಳಗೊಳಗೇ ಸೊರಗಿದ್ದರು. ಅಷ್ಟು ದೊಡ್ಡ ಅಂಗಳ ಕಂಡವರೇ ಸೆರಗು ಬಿಗಿದು ಕೂತರು. ಬೆಳಗಾಗುವಷ್ಟರಲ್ಲಿ ಅಂಕಣ ಕನ್ನಡಿಯಾಗಿತ್ತು. ಕಾರ್ಯದರ್ಶಿ ಭಾವನ ಬೆನ್ನು ತಟ್ಟಿದ.

ಆಟ ಶುರುವಾಯಿತು. ಅಂಕಣದ ಅಂಚಿನಲ್ಲಿ, ಸಗಣಿ ನೀರಿನ ಬಾಲ್ದಿಯ ಹತ್ತಿರ ಅತ್ತೆ, ಅವರ ಪಕ್ಕ ನಾನು. ಚೆಂಡು ಬಿದ್ದಲ್ಲೆಲ್ಲ ನೆಲ ಕುಣಿ ಬೀಳುತ್ತಿತ್ತು. “ಅಯ್ಯೋ ದೇವರೇ, ಅಲ್ಲೂ ಕಿತ್ತು ಹೋಯ್ತಲ್ಲ ಮಾರಾಯ” ಎಂದು ಅತ್ತೆ ಪ್ರತಿ ಹೊಡೆತಕ್ಕೂ ನರಳುತ್ತಿದ್ದರು. ಸುತ್ತಲಿನವರು ಅಂಕ ಎಣಿಸುತ್ತಿದ್ದರೆ ಅವರು ಗಾಯ ನೋಡುತ್ತಿದ್ದರು.

ಕೊನೆಗೆ ಆಟಗಾರರಲ್ಲಿ ಎತ್ತರದ ಹುಡುಗನಿಗೆ ಗೆಲ್ಲಲು ಒಂದೇ ಅಂಕ ಬೇಕಿತ್ತು. ಅವನು ಹೊಡೆದ ಚೆಂಡು ನಮ್ಮ ಮುಂದಿನ ಗೆರೆಯ ಹತ್ತಿರ ಬಿತ್ತು. ಗೆರೆ ನೋಡುವವನು ಕೈಯನ್ನು ಅರ್ಧ ಎತ್ತಿ ಇಳಿಸಿದ. ಇಬ್ಬರು ಆಟಗಾರರೂ ಅಂಪೈರ್ ಬಳಿ ವಾದಕ್ಕೆ ನಿಂತರು. ಮಣ್ಣಿನ ಅಂಕಣದಲ್ಲಿ ಚೆಂಡಿನ ಗುರುತೇ ಸಾಕ್ಷಿ. ಅಂಪೈರ್ ಅದನ್ನು ನೋಡಲು ತಮ್ಮ ಎತ್ತರದ ಕುರ್ಚಿಯಿಂದ ಇಳಿದು ಬಂದರು. ಅಷ್ಟರಲ್ಲಿ, ಆಟ ನಿಂತಿತೆಂದುಕೊಂಡ ಅತ್ತೆ ಬಾಲ್ದಿ ಹಿಡಿದು ಹೋಗಿ, ಆ ಕುಣಿಯನ್ನು ಅಂಗೈಯಲ್ಲಿ ನಯವಾಗಿ ಸವರಿ ಬಂದಾಗಿತ್ತು.

“ಪಕ್ಕದಲ್ಲೇ ಇದ್ದಿರಿ. ಎಲ್ಲಿ ಬಿತ್ತು, ಸರ್?” ಅಂಪೈರ್ ನನ್ನನ್ನು ಕೇಳಿದರು.

“ಹೇಳಲಾರೆ” ಎಂದೆ. ಆ ಅಂಕವನ್ನು ಮತ್ತೆ ಆಡಿಸಿದರು. ಎತ್ತರದ ಹುಡುಗ ಅದನ್ನೂ ಕಳೆದುಕೊಂಡ, ಪಂದ್ಯವನ್ನೂ. ಚೆಂಡು ಗೆರೆಯ ಒಳಗೇ ಬಿದ್ದಿತ್ತೆಂದು ಈಗ ನನಗೆ ಸ್ಪಷ್ಟ ನೆನಪು. ಆದರೆ ಆ ನೆನಪು ಚೆಂಡು ಬಿದ್ದಾಗ ಹುಟ್ಟಿತೋ, ಸೋತವನ ಮುಖ ಕಂಡ ಮೇಲೋ? ತರ್ಕಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ.

ಅತ್ತೆಗೆ ಯಾರೂ ನಿಜ ಹೇಳಲಿಲ್ಲ. ಬೆವರು ಒರೆಸಿಕೊಳ್ಳುತ್ತಿದ್ದ ಆ ಹುಡುಗನಿಗೆ ಅವರೇ ಮಜ್ಜಿಗೆ ಕೊಟ್ಟು, “ಬೇಜಾರು ಮಾಡ್ಬೇಡ ಮಗಾ. ನೀನು ಕಿತ್ತದ್ದೆಲ್ಲ ಸರಿ ಮಾಡಿದ್ದೇನೆ” ಎಂದರು. ಕನ್ನಡ ಬಾರದ ಹುಡುಗ ತಲೆ ಬಾಗಿಸಿ, “ಹೋ, ಆಜಿ” ಎಂದು ಮರಾಠಿಯಲ್ಲಿ ಅಜ್ಜಿಗೆ ಹೂಂಗುಟ್ಟಿ ಕುಡಿದ.

ಮಾರನೆಯ ದಿನ ಭಾವ ನನ್ನನ್ನು ಕರೆದುಕೊಂಡು ಕಾರ್ಯದರ್ಶಿಯ ಮುಂದೆ ಕೈಕಟ್ಟಿ ನಿಂತ. ಕಾರ್ಯದರ್ಶಿ ಹೇಳಿದ: “ಕ್ಯಾಂಟೀನ್ ತಗೊಳ್ಳಿ. ಆಜಿ ದಿನಾ ಸಾರಿಸಲಿ, ಇಂಥಾ ನೆಲ ಯಾರೂ ಮಾಡಿಕೊಟ್ಟಿರಲಿಲ್ಲ. ಆಟದ ಹೊತ್ತಿಗೆ ಮಾತ್ರ ಯಾರಾದರೂ ಅವರ ಪಕ್ಕ ಇರಬೇಕು.”

ಭಾವನ ಮುಖ ಅರಳಿತು. “ಅದಕ್ಕೇನು ಸಾಹೇಬರೇ, ನಮ್ಮ ತಂಗಿ ಗಂಡ ಇದ್ದಾರಲ್ಲ. ಎಂ.ಎ. ಓದಿದವರು.”

ಕಾರ್ಯದರ್ಶಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

“ನಿನ್ನೆ ಇವರೇ ಇದ್ದರು” ಎಂದ. “ಬೇರೆ ಯಾರನ್ನಾದರೂ ನೋಡಿ.”