ಚಾವಣಿಗೆ ನೇತು ಹಾಕಿದ ಡೊಂಬಿವಲಿ ಸ್ಟೇಷನ್

ಡೊಂಬಿವಲಿ ಸ್ಟೇಷನ್ನಿನಲ್ಲಿ ನಿಂತು ಕಾಲು ನೋಯಿಸಿಕೊಂಡವರು ಲಕ್ಷ ಮಂದಿ ಇದ್ದಾರು. ಆದರೆ ಆ ಸ್ಟೇಷನ್ನಿನ ಅಡಿಯಲ್ಲಿ ಚಾಪೆ ಹಾಸಿ ಮಲಗಿ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಗೊರಕೆ ಹೊಡೆದವಳು ಇಡೀ ಪ್ರಪಂಚದಲ್ಲಿ ನಾನೊಬ್ಬಳೇ! ನಂಬುವುದಿಲ್ಲವೇ? ಬೇಡ ಬಿಡಿ. ಊರಿಗೆ ಕಾಗದ ಬರೆದು ತಿಳಿಸಿದಾಗ ನನ್ನ ಅಮ್ಮನೂ ನಂಬಿರಲಿಲ್ಲ. "ಹೊಸ ಜಾಗ, ಹುಡುಗಿಗೆ ತಲೆ ಕೆಟ್ಟಿತೋ ಏನೋ" ಎಂದು ಅಪ್ಪನ ಹತ್ತಿರ ಹೇಳಿದ್ದರಂತೆ. ಕೆಟ್ಟದ್ದು ನನ್ನ ತಲೆಯಲ್ಲ ಮಾರಾಯ್ರೆ, ನನ್ನ ಮೈದುನನದು.

ಅದು ತೊಂಬತ್ತರ ದಶಕದ ಮೊದಲ ಭಾಗ. ಕರಾವಳಿಗೆ ರೈಲು ಹಳಿ ಇನ್ನೂ ಹಾಕುತ್ತಿದ್ದರು. ಉಡುಪಿ ಕಡೆಯಿಂದ ಮುಂಬಯಿಗೆ ಬರಬೇಕೆಂದರೆ ಒಂದು ಹಗಲು ಒಂದು ರಾತ್ರಿ ಬಸ್ಸಿನಲ್ಲಿ ಕೂತು ಸೊಂಟ ಮುರಿದುಕೊಳ್ಳಬೇಕು. ಹಾಗೆ ಮುರಿದ ಸೊಂಟ ಹೊತ್ತು ಹೊಸ ಮದುಮಗಳಾಗಿ ನಾನು ಡೊಂಬಿವಲಿಯ ಮೂರನೇ ಮಹಡಿಯ ಮನೆಯೊಳಗೆ ಬಲಗಾಲಿಟ್ಟೆ. ತಲೆ ಎತ್ತಿ ನೋಡಿದರೆ ಹಾಲ್‌ನ ಚಾವಣಿಯಿಂದ ಮಂಚದಷ್ಟು ದೊಡ್ಡ ಪ್ಲೈವುಡ್ ಹಲಗೆಯೊಂದು ಹಗ್ಗಗಳಲ್ಲಿ ನೇತಾಡುತ್ತಿದೆ! ಉಪ್ಪಿನಕಾಯಿ ಭರಣಿ ಇಡುವ ಅಟ್ಟ ಇರಬೇಕು, ಬಹಳ ಜಾಣರು ಇವರು ಎಂದುಕೊಂಡೆ.

"ಅತ್ತೆ, ಮೇಲೆ ಎಂತ ಉಂಟು?" ಎಂದು ಮೆಲ್ಲಗೆ ಕೇಳಿದೆ.

"ಸ್ಟೇಷನ್" ಎಂದರು ಅತ್ತೆ, ಕುಂಬಳಕಾಯಿ ಎಂದಷ್ಟೇ ಸಲೀಸಾಗಿ. "ಸಂಜೆ ಅವನು ಬಂದು ಇಳಿಸುತ್ತಾನೆ. ತಲೆ ಜಾಗ್ರತೆ."

ಸಂಜೆ ಅವನು ಬಂದ. ಇಪ್ಪತ್ತೆರಡು ವರ್ಷದ ಕಡ್ಡಿ ಹುಡುಗ, ಥಾಣೆಯ ಒಂದು ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸ. ಅತ್ತಿಗೆಗೆ ನಮಸ್ಕಾರವಿಲ್ಲ, ಕುಶಲವಿಲ್ಲ, "ಅತ್ತಿಗೆ, ಸ್ವಲ್ಪ ಸರಕಾ, ಸ್ಟೇಷನ್ ಬರ್ತಾ ಉಂಟು" ಎಂದ. ಸರಕಾ ಎಂದರೆ ಮರಾಠಿಯಲ್ಲಿ ಸರಿಯಿರಿ ಎಂದು; ಅವನು ಹುಟ್ಟಿದ್ದೇ ಡೊಂಬಿವಲಿಯಲ್ಲಿ. ಅವನ ಒಂದು ವಾಕ್ಯದಲ್ಲಿ ಮೂರು ಭಾಷೆ ಒತ್ತೊತ್ತಾಗಿ ನಿಂತಿರುತ್ತಿದ್ದವು. ರಾಟೆ ಕಿರ್‌ಗುಟ್ಟಿತು, ಹಲಗೆ ಇಳಿಯಿತು. ಅಬ್ಬಾ! ಪ್ಲಾಟ್‌ಫಾರ್ಮುಗಳು, ಮೆಟ್ಟಿಲು ಸೇತುವೆ, ಟಿಕೆಟ್ ಕೌಂಟರು, ವಡಾಪಾವಿನ ಗಾಡಿ, ಗೋಡೆಯ ಮೇಲೆ ಎಲೆಯಡಿಕೆ ಉಗುಳಿದ ಕೆಂಪು ಕಲೆ ಕೂಡ ಬಿಟ್ಟಿರಲಿಲ್ಲ. ಹಳದಿ, ಕಂದು ಬಣ್ಣದ ಲೋಕಲ್ ಗಾಡಿ ಸಿಗ್ನಲ್ಲಿಗೆ ಕಾಯುತ್ತಿತ್ತು.

ಅವನು ಸ್ಟೀಲ್ ಲೋಟವನ್ನು ಬಾಯಿಗೆ ಹಿಡಿದು ಮೂಗಿನಲ್ಲಿ ಅನೌನ್ಸ್‌ಮೆಂಟ್ ಮಾಡಿದ. ಗಾಡಿ ಗುರ್ ಎಂದು ಹೊರಟಿತು, ಕಲ್ಯಾಣದ ಕಡೆಯ ತಿರುವಿಗೆ ಬಂತು, ಧೊಪ್ಪೆಂದು ಬಿತ್ತು. ಅವನು ಸ್ವಲ್ಪವೂ ವಿಚಲಿತನಾಗದೆ ಲೋಟ ಎತ್ತಿಕೊಂಡು, "ಅಸುವಿಧಾ ಕೇ ಲಿಯೇ ಹಮೇ ಖೇದ್ ಹೈ" ಎಂದ, ಅಡಚಣೆಗೆ ವಿಷಾದಿಸುತ್ತೇವೆ ಎಂದು! ನಾನು ಹೊಸ ಸೊಸೆ, ನಗಬಾರದೆಂದು ಸೆರಗು ಬಾಯಿಗೆ ತುರುಕಿಕೊಂಡೆ. ಆ ತಿರುವಿನಲ್ಲಿ ಗಾಡಿ ಬೀಳದ ದಿನವನ್ನು ನಾನು ಮೂರು ವರ್ಷ ನೋಡಲಿಲ್ಲ.

ಇದು ಒಬ್ಬನ ಹುಚ್ಚಾಗಿದ್ದರೆ ಹೇಗೋ ಸಹಿಸಬಹುದಿತ್ತು. ಇವನಿಗೆ ಇಬ್ಬರು ಜೊತೆಗಾರರು ಬೇರೆ. ಒಬ್ಬ ಮೇಲಿನ ಮಹಡಿಯ ಮರಾಠಿ ಹುಡುಗ, ಇನ್ನೊಬ್ಬ ಭಿವಂಡಿಯ ಮಗ್ಗದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಕಲ್ಯಾಣದವನು. ಭಾನುವಾರ ಬೆಳಿಗ್ಗೆ ಮೂವರೂ ಸೇರಿದರೆಂದರೆ ಅತ್ತೆ, "ರೈಲ್ವೆ ಬೋರ್ಡು ಬಂತು, ಚಹಾಕ್ಕೆ ನೀರಿಡು" ಎನ್ನುತ್ತಿದ್ದರು. ಅಂಗಡಿಯಲ್ಲಿ ಸಿಗುವ ಆಟಿಕೆ ರೈಲು ಇವರಿಗೆ ಆಗದು, ಎಲ್ಲವನ್ನೂ ಕೈಯಲ್ಲೇ ಮಾಡಬೇಕು. ಉಲ್ಹಾಸನಗರದ ಗುಜರಿಯಲ್ಲಿ ಹಳೇ ಟೇಪ್‌ರೆಕಾರ್ಡರ್ ಬಿಚ್ಚಿಸಿ ಮೋಟರ್ ತಂದರು. ಟೂತ್‌ಪೇಸ್ಟಿನ ಡಬ್ಬಿಯಿಂದ ಬೋಗಿ ಆಯಿತು. ಮೈ ತಿಕ್ಕುವ ಹೀರೆಕಾಯಿ ನಾರಿಗೆ ಹಸಿರು ಬಣ್ಣ ಬಳಿದು ಮರ ಮಾಡಿದರು. ನನ್ನ ಹೇರ್‌ಪಿನ್ನುಗಳೆಲ್ಲ ಕರೆಂಟ್ ಕಂಬಗಳಾದ ಮೇಲೆ ನಾನು ಜಡೆ ಬಿಗಿಯಾಗಿ ಹೆಣೆಯುವುದನ್ನು ಕಲಿತೆ.

ಹಳಿಗಳು ಎಲ್ಲಿಂದ ಬಂದವು? ಅದು ಗೊತ್ತಾದದ್ದು ಜೂನ್ ತಿಂಗಳ ಮೊದಲ ಮಳೆಯಲ್ಲಿ. ನನ್ನ ಯಜಮಾನರು ಆಫೀಸಿಗೆ ಹೊರಟವರು ಬಿಲ್ಡಿಂಗಿನ ಗೇಟಿನಲ್ಲಿ ಗತ್ತಿನಿಂದ ಕೊಡೆ ಬಿಡಿಸಿದರು. ಕರಿ ಬಟ್ಟೆ ಮಾತ್ರ ಮೆಲ್ಲಗೆ ಇಳಿದು ಅವರ ತಲೆ, ಮುಖ, ಹೆಗಲು ಎಲ್ಲ ಮುಚ್ಚಿತು. ಒಳಗೆ ಒಂದು ಕಡ್ಡಿಯೂ ಇಲ್ಲ! ಕಡ್ಡಿಗಳೆಲ್ಲ ಆರು ತಿಂಗಳ ಹಿಂದೆಯೇ ಕಲ್ಯಾಣದ ಕಡೆಗೆ ಹಳಿಯಾಗಿ ಹೋಗಿದ್ದವು. ಬಟ್ಟೆಯೊಳಗಿಂದಲೇ ಇವರು ಗುಡುಗಿದರು. ಕಿಟಕಿಯಲ್ಲಿ ನಿಂತಿದ್ದ ಮೈದುನ ನನ್ನ ಕಡೆ ತಿರುಗಿ, "ಅಣ್ಣನದು ಬಹಳ ಒಳ್ಳೆ ಕ್ವಾಲಿಟಿ ಕೊಡೆ ಅತ್ತಿಗೆ, ಒಂದು ಕಡ್ಡಿಗೂ ತುಕ್ಕು ಹಿಡಿದಿರಲಿಲ್ಲ" ಎಂದ.

ಇನ್ನೊಮ್ಮೆ ಅಂಟು ಸಾಲದೆ ಮೂವರೂ ಅತ್ತೆಯ ಮೈದಾ ಡಬ್ಬಿಗೆ ಕೈ ಹಾಕಿ, ಗಂಜಿ ಕಾಯಿಸಿ ಅದರಲ್ಲೇ ಎಲ್ಲ ಬೋಗಿಗೂ ಕಾಗದ ಮೆತ್ತಿದರು. ರುಚಿಗೆಂದು ಬೆಲ್ಲ ಹಾಕಿದ್ದರೋ ಏನೋ, ನಾನು ಕೇಳಲಿಲ್ಲ. ಮರುದಿನ ಹಲಗೆ ಇಳಿಸಿದರೆ ಪ್ಲಾಟ್‌ಫಾರ್ಮ್ ತುಂಬ ಇರುವೆ! ಸೇತುವೆ ಮೇಲೆ ಇರುವೆ, ಬೋಗಿಯ ಬಾಗಿಲಲ್ಲಿ ನೇತಾಡುವ ಇರುವೆ, ಗಾಡಿಯ ಮಾಡಿನ ಮೇಲೆ ಕೂತ ಇರುವೆ. ನಾನು ಅರಿಶಿನಪುಡಿ ತರಲು ಓಡಿದೆ. ಅವನು ಎರಡೂ ಕೈ ಅಡ್ಡ ಹಿಡಿದು, "ಬೇಡ ಅತ್ತಿಗೆ, ಬೇಡ! ಬೆಳಗಿನ ಎಂಟೂ ಕಾಲರ ರಶ್ ನೋಡಿ, ಸೇಮ್ ಟು ಸೇಮ್!" ಎಂದು ಕುಣಿದ.

ಇಷ್ಟೆಲ್ಲ ರೈಲು ಗೊತ್ತಿದ್ದವನು ಆಫೀಸಿಗೆ ಮಾತ್ರ ದಿನಾ ತಡ. ಯಾಕೆ? ಟ್ರೇನ್ ತಪ್ಪಿತು! ಒಂದು ಗಂಟೆ ಮೊದಲೇ ಸ್ಟೇಷನ್ನಿಗೆ ಹೋಗಿ, ಬಂದ ಗಾಡಿಯ ಕಿಟಕಿಗೆ ಎಷ್ಟು ಸರಳು, ಬಾಗಿಲಿಗೆ ಎಷ್ಟು ಹಿಡಿ ಎಂದು ಲೆಕ್ಕ ಹಾಕುತ್ತ ನಿಂತವನಿಗೆ ಹತ್ತುವುದು ಮರೆತುಹೋಗುತ್ತಿತ್ತು. ಒಂದು ದಿನ ಫಿಟ್ಟರ್ ಗೆಳೆಯನ ಜೊತೆ ಟೇಪು ಹಿಡಿದು ಪ್ಲಾಟ್‌ಫಾರ್ಮಿನ ಉದ್ದ ಅಳೆಯುತ್ತಿದ್ದಾಗ ಪೊಲೀಸಿನವರೊಬ್ಬರು ಇಬ್ಬರನ್ನೂ ಕಾಲರ್ ಹಿಡಿದು ನಿಲ್ಲಿಸಿದರು. "ಆಟಕ್ಕೆ ಸಾರ್, ಆಟಕ್ಕೆ" ಎಂದರೆ ಯಾರು ನಂಬುತ್ತಾರೆ? ಕೊನೆಗೆ ಅವರು ನಮ್ಮ ಮನೆಗೇ ಬಂದರು. ಅತ್ತೆ ದೇವರ ಕೋಣೆ ಸೇರಿದರು. ನಾನು ಅವಲಕ್ಕಿ ತಂದಿಟ್ಟೆ. ಪೊಲೀಸಿನವರು ಇಳಿದು ಬಂದ ಸ್ಟೇಷನ್ನನ್ನು ಸುತ್ತ ನಡೆದು ನೋಡಿದರು, ಬಗ್ಗಿ ನೋಡಿದರು, ಮುಖ ಗಂಟಿಕ್ಕಿತು. "ಮಾಝೀ ಚೌಕೀ ಕುಠೇ ಆಹೇ?" ನನ್ನ ಪೊಲೀಸ್ ಚೌಕಿ ಎಲ್ಲಿ? ಅದೊಂದು ಬಿಟ್ಟುಹೋಗಿತ್ತು! ಮುಂದಿನ ಭಾನುವಾರಕ್ಕೆ ಬೆಂಕಿಪೊಟ್ಟಣದ ಚೌಕಿ, ಅದರ ಮುಂದೆ ಪೊಲೀಸಿನವರಾಗಿ ಹೊಟ್ಟೆ ಹೊತ್ತ ಖಾಕಿ ಬಣ್ಣದ ಒಂದು ಬೆಂಕಿಕಡ್ಡಿ ತಯಾರಾದವು. ಅವರು ಬಂದು ಪರಿಶೀಲಿಸಿ, ಹೊಟ್ಟೆ ಇನ್ನೂ ಸ್ವಲ್ಪ ಕಡಿಮೆ ಮಾಡಲು ಹೇಳಿ ಹೋದರು.

ಹೀಗೆ ಸುಖವಾಗಿದ್ದ ಸ್ಟೇಷನ್ನಿಗೆ ಕುತ್ತು ತಂದವಳು ನಾನೇ. ಬಸುರಾದೆ.

ಅತ್ತೆಗೆ ಸಂತೋಷದಲ್ಲಿ ನೆಲ ಕಾಣಲಿಲ್ಲ. ಆದರೆ ತಲೆ ಎತ್ತಿದರೆ ಚಾವಣಿ ಕಂಡಿತು. ತೊಟ್ಟಿಲು ಕಟ್ಟುವುದೆಲ್ಲಿ? ಇಡೀ ಮನೆಯಲ್ಲಿ ಗಟ್ಟಿ ಕೊಕ್ಕೆ ಇದ್ದದ್ದು ಸ್ಟೇಷನ್ ನೇತಾಡುವ ಆ ನಾಲ್ಕೇ. ಹೊಸದಾಗಿ ತೂತು ಕೊರೆದರೆ ಮೇಲಿನ ಮನೆಯವರು ಬಿಲ್ಡಿಂಗಿನ ಸೊಸೈಟಿಗೆ ದೂರು ಕೊಡುತ್ತಾರೆ. ಊಟಕ್ಕೆ ಕೂತಾಗ ಅತ್ತೆ ತೀರ್ಪು ಕೊಟ್ಟರು: "ಸೀಮಂತದ ಮರುದಿನ ಸ್ಟೇಷನ್ ಇಳಿಯಬೇಕು. ಮತ್ತೆ ಏರಬಾರದು."

ಮೈದುನ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದ. "ಹ್ಞೂಂ" ಎಂದ. ಐದು ವರ್ಷದ ಕೆಲಸ ಅದು. ಅವನ ಮುಖ ನೋಡಲಾಗದೆ ನಾನು ಮಜ್ಜಿಗೆ ತರುವ ನೆಪದಲ್ಲಿ ಎದ್ದೆ.

ಸಂಕಟ ನನಗೂ ಇತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮ ಕಡೆಯ ಪದ್ಧತಿ. ನಾನು ಮನಸ್ಸಿನಲ್ಲೇ ಚೀಲ ಕಟ್ಟಿ ಆಗಿತ್ತು. ಡಾಕ್ಟರಮ್ಮ ಪರೀಕ್ಷೆ ಮಾಡಿ, "ಅಷ್ಟು ದೂರ ಬಸ್ಸಿನಲ್ಲಾ? ಸುತಾರಾಂ ಬೇಡ" ಎಂದುಬಿಟ್ಟರು. ಒಂಬತ್ತನೇ ತಿಂಗಳಿಗೆ ಅಮ್ಮನೇ ಬರುವುದೆಂದು ನಿಶ್ಚಯವಾಯಿತು. ಆದರೆ ಅಮ್ಮ ಬಂದರೆ ತವರು ಬಂದ ಹಾಗಾಯಿತೇ? ರಸ್ತೆ ಬದಿಯ ನಮ್ಮ ಮನೆ, ಮನೆಗೆ ತಾಗಿದ ಅಪ್ಪನ ಹಿಟ್ಟಿನ ಗಿರಣಿ, ಅದರ ಟಕಟಕ ಸದ್ದು, ಬಿಸಿ ಹಿಟ್ಟಿನ ವಾಸನೆ, ಇವೆಲ್ಲ ಬಸ್ಸು ಹತ್ತಿ ಬರುತ್ತವೆಯೇ? ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಹೊರಗೆ ಬಂದರೆ ಎದುರಿಗೆ ಮೈದುನ.

"ಕಣ್ಣಿಗೆ ಏನಾಯ್ತು ಅತ್ತಿಗೆ?"

"ಈರುಳ್ಳಿ ಹೆಚ್ಚಿದೆ" ಎಂದೆ.

"ಇವತ್ತು ಏಕಾದಶಿ ಅಲ್ವಾ?" ಎಂದ ಅವನು.

ಏಕಾದಶಿಯಂದು ನಮ್ಮ ಮನೆಯಲ್ಲಿ ಈರುಳ್ಳಿ ಬುಟ್ಟಿಯನ್ನು ಯಾರೂ ಮುಟ್ಟುವ ಹಾಗೇ ಇರಲಿಲ್ಲ! ಸುಳ್ಳು ಹೇಳುವುದಕ್ಕೂ ಪಂಚಾಂಗ ನೋಡಬೇಕೆಂದು ಆಗ ತಿಳಿಯಿತು. ನಾನು ದುರುಗುಟ್ಟಿ ನೋಡಿ ಒಳಗೆ ಹೋದೆ.

ಅದರ ಮರುದಿನದಿಂದ ಅವನ ತಲೆ ಪೂರ್ತಿ ಕೆಟ್ಟಿತು. ಸ್ಟೇಷನ್ ಬಿಚ್ಚುವ ತಯಾರಿ ಮಾಡುವುದು ಬಿಟ್ಟು ಹೊಸ ಹಲಗೆ ತಂದು ಕೆಲಸ ಶುರು ಮಾಡಿದ! ಬಾಕಿ ಕೊಡೆಗಳೂ ಮಾಯವಾದವು. "ಇಳಿಸು ಎಂದರೆ ಇನ್ನೂ ಉದ್ದ ಮಾಡುತ್ತಾನಲ್ಲ ಈ ಪ್ರಾಣಿ!" ಎಂದು ಅತ್ತೆ ಹಣೆ ಚಚ್ಚಿಕೊಂಡರು. ಕೆಲಸವೆಲ್ಲ ಮೇಲಿನ ಮಹಡಿಯ ಗೆಳೆಯನ ಮನೆಯಲ್ಲಿ, ನಮಗೆ ಪ್ರವೇಶವಿಲ್ಲ. ಅದರ ಮೇಲೆ ನನಗೆ ಹೊತ್ತಲ್ಲದ ಹೊತ್ತಿನಲ್ಲಿ ಪ್ರಶ್ನೆಗಳು. ಒಗ್ಗರಣೆ ಸಿಡಿಯುವಾಗ ಬಂದು, "ಅತ್ತಿಗೆ, ನಿಮ್ಮ ಊರಿನ ಮನೆಗೆ ಎಷ್ಟು ಮೆಟ್ಟಿಲು?"

"ನಾಲ್ಕು. ಮೂರನೆಯದು ಒಡೆದಿದೆ. ಯಾಕೆ?"

"ಸುಮ್ಮನೆ." ಎರಡು ದಿನ ಬಿಟ್ಟು, "ಬಾವಿ ಯಾವ ಕಡೆ?" ಮತ್ತೊಂದು ದಿನ, "ನಿಮ್ಮ ಅಮ್ಮ ಮನೆಯಲ್ಲಿ ಯಾವ ಬಣ್ಣದ ಸೀರೆ ಉಡುತ್ತಾರೆ?"

"ನಿನಗೆ ಎಂತ ಆಗಿದೆ ಮಾರಾಯ? ಸೀರೆ ಅಂಗಡಿ ಇಡುತ್ತೀಯಾ?" ಎಂದು ಗದರಿದೆ. "ಕೆಂಪು. ಸಣ್ಣ ಹೂವಿನದು" ಎಂದೂ ಹೇಳಿದೆ. ಹೇಳಿದ ಮೇಲೆ ಇನ್ನೂ ಜೋರಾಗಿ ಗದರಿದೆ.

ಸೀಮಂತ ಆಯಿತು. ಹೆಂಗಸರು ಹಾಡಿದರು, ಉಂಡರು, ತಾಂಬೂಲ ತೆಗೆದುಕೊಂಡು ಹೋದರು. ಹಸಿರು ಬಳೆ ತುಂಬಿದ ಕೈ ಮಡಿಲಲ್ಲಿಟ್ಟು ನಾನು ಕುರ್ಚಿಯಲ್ಲಿ ಕೂತಿದ್ದೆ. ಮರುದಿನ ಸ್ಟೇಷನ್ ಬಿಚ್ಚಬೇಕು. ಮೈದುನ ಬಂದ, ಹಿಂದೆ ಉಳಿದ ರೈಲ್ವೆ ಬೋರ್ಡು ಏನನ್ನೋ ಬಟ್ಟೆ ಮುಚ್ಚಿ ಹೊತ್ತು ತಂದಿತು. "ಅತ್ತಿಗೆ, ಲಾಸ್ಟ್ ಗಾಡಿ. ಕೂತೇ ಇರಿ" ಎಂದ. ರಾಟೆ ಕಿರ್‌ಗುಟ್ಟಿತು. ಹೊಸ ಹಲಗೆಯನ್ನು ಹಳೆಯದಕ್ಕೆ ಜೋಡಿಸಿ ಬಟ್ಟೆ ಎಳೆದರು.

ಅವನು ಲೋಟ ಬಾಯಿಗೆ ಹಿಡಿದ. ಐದು ವರ್ಷ ಮರಾಠಿ, ಹಿಂದಿ ಬಿಟ್ಟು ಬೇರೆ ಮಾತಾಡದ ಆ ಲೋಟ ಅಂದು ಕನ್ನಡ ಮಾತಾಡಿತು. "ಪ್ರಯಾಣಿಕರು ಗಮನಿಸಬೇಕು. ಪ್ಲಾಟ್‌ಫಾರ್ಮ್ ನಂಬರ್ ಒಂದರಿಂದ, ನಮ್ಮ ಅತ್ತಿಗೆಯ ತವರುಮನೆಗೆ ಹೋಗುವ ಗಾಡಿ ಹೊರಡಲಿದೆ."

ಗಾಡಿ ಹೊರಟಿತು. ಕಲ್ಯಾಣದ ಕಡೆಯ ಆ ಹಾಳು ತಿರುವು ಬಂತು. ಫಿಟ್ಟರ್ ಉಸಿರು ಹಿಡಿದ, ಅತ್ತೆ ದೇವರ ಹೆಸರು ಹೇಳಿದರು. ಬೀಳಲಿಲ್ಲ! ತಿರುವು ದಾಟಿ ಹೊಸ ಹಲಗೆಗೆ ಬಂತು. ಕಾಗದದ ಗುಡ್ಡದ ಸುರಂಗಕ್ಕೆ ಹೊಕ್ಕು ಹೊರಬಂತು. ಬಾಚಣಿಗೆಯ ಸೇತುವೆ ದಾಟಿತು. ಕೊನೆಯಲ್ಲಿ ಒಂದು ಪುಟ್ಟ ಮನೆ. ನಾಲ್ಕು ಮೆಟ್ಟಿಲು, ಮೂರನೆಯದು ಒಡೆದದ್ದು. ಬಲಕ್ಕೆ ಬಾವಿ. ಪಕ್ಕದಲ್ಲಿ ಗಿರಣಿ, ಅದರ ಚಕ್ರ ಟಕಟಕ ತಿರುಗುತ್ತಿತ್ತು. ಬಾಗಿಲಲ್ಲಿ ತಲೆಯೆಲ್ಲ ಹಿಟ್ಟಾಗಿ ಬೆಳ್ಳಗಿದ್ದ ಒಂದು ಬೆಂಕಿಕಡ್ಡಿ, ಮೆಟ್ಟಿಲ ಮೇಲೆ ಕೆಂಪು ಸೀರೆಯ ಇನ್ನೊಂದು. ಗಾಡಿ ಸರಿಯಾಗಿ ಅವರ ಎದುರಿಗೆ ಹೋಗಿ ನಿಂತಿತು.

ನಾನು ಅತ್ತೆನೋ ನಕ್ಕೆನೋ ನನಗೆ ನೆನಪಿಲ್ಲ. ಎರಡೂ ಮಾಡಿದೆ ಎಂದು ಇವರು ಹೇಳುತ್ತಾರೆ. ಅತ್ತೆ ಮೂಗು ಸೀಟಿ, "ಒಂಬತ್ತನೇ ತಿಂಗಳವರೆಗೆ ಇರಲಿ ಬಿಡು, ಅವಳ ಅಮ್ಮನೂ ನೋಡಲಿ" ಎಂದರು. ಅವನು ತಲೆ ಆಡಿಸಿ ಬೇಡವೆಂದ. "ಮಾತು ಅಂದ್ರೆ ಮಾತು ಅಮ್ಮ. ಕೊಕ್ಕೆಗೆ ಎಣ್ಣೆ ಹಾಕಬೇಕು, ಹೊಸ ಹಗ್ಗ ತರಬೇಕು, ಟೈಮ್ ಬೇಕು."

ಮರುದಿನ ಮಧ್ಯಾಹ್ನ ನಾನು ಒಳಕೋಣೆಯಲ್ಲಿ ಮಲಗಿ ಎದ್ದು ಹಾಲ್‌ಗೆ ಬಂದಾಗ ಸ್ಟೇಷನ್ ಇರಲಿಲ್ಲ. ಹಲಗೆಗಳನ್ನು ಫಿಟ್ಟರ್ ಗೆಳೆಯ ಕಲ್ಯಾಣಕ್ಕೆ ಒಯ್ದಿದ್ದ. ಗಿರಣಿ ಮನೆಯೊಂದನ್ನು ಮಾತ್ರ ಮೈದುನ ಕಿತ್ತು ನನ್ನ ದಿಂಬಿನ ಪಕ್ಕದಲ್ಲಿ ಇಟ್ಟಿದ್ದ. ಇಂದಿಗೂ ಅದು ನಮ್ಮ ಶೋಕೇಸಿನಲ್ಲಿದೆ. ಕಣ್ಣು ಮೇಲಕ್ಕೆ ಹೋಯಿತು. ಖಾಲಿ ಚಾವಣಿ ಅಷ್ಟು ಎತ್ತರದಲ್ಲಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಅವನು ಸ್ಟೂಲಿನ ಮೇಲೆ ನಿಂತು, ಹೊಸ ಹಗ್ಗ ಕಟ್ಟಿ, ಹತ್ತು ಕಿಲೋ ಅಕ್ಕಿ ಚೀಲ ತೂಗಿ ಬಿಟ್ಟು ಕೊಕ್ಕೆ ತಾಳುತ್ತದೆಯೇ ಎಂದು ಪರೀಕ್ಷೆ ಮಾಡುತ್ತಿದ್ದ. ಮಗು ಬರಲು ಇನ್ನೂ ಎರಡು ತಿಂಗಳಿತ್ತು! ನನ್ನ ಸದ್ದು ಕೇಳಿ ತಿರುಗಿದ. ಕಣ್ಣು ಕೆಂಪಗಾಗಿ ಊದಿಕೊಂಡಿದ್ದವು.

"ಕಣ್ಣಿಗೆ ಏನಾಯ್ತು?" ಎಂದೆ.

"ಈರುಳ್ಳಿ, ಅತ್ತಿಗೆ" ಎಂದ.

ಜನ್ಮದಲ್ಲಿ ಒಂದು ಈರುಳ್ಳಿ ಹೆಚ್ಚಿದವನಲ್ಲ ಅವನು. ನಾನು ಒಳಗೆ ಹೋಗಿ ಕಾಫಿ ಮಾಡಿ, ಅನೌನ್ಸ್‌ಮೆಂಟಿನ ಆ ಲೋಟದಲ್ಲೇ ಅವನಿಗೆ ತಂದುಕೊಟ್ಟೆ.