ಎಂಬತ್ತರಿಂದ ಇಳಿದುಬಿಟ್ಟ ಮುಳ್ಳಿನವರಿಗೆ

ನನ್ನ ಹಳೆಯ ಕಾರಿನ ಸ್ಟಿಯರಿಂಗಿನ ಹಿಂದೆ, ಸ್ಪೀಡೋಮೀಟರ್ ಎಂಬ ದುಂಡು ಗಾಜಿನ ಮನೆಯಲ್ಲಿ ವಾಸವಾಗಿರುವ ಶ್ರೀಮಾನ್ ಮುಳ್ಳಿನವರ ಸನ್ನಿಧಾನಕ್ಕೆ, ತರೀಕೆರೆಯಲ್ಲಿ ರವಿಕೆ ಹೊಲಿಯುವ ಶಾರದಾಂಬಾ ತಲೆಬಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಕ್ಷೇಮ, ನನ್ನ ಡ್ರೈವಿಂಗ್ ಲೈಸೆನ್ಸ್ ಮಾತ್ರ ಕ್ಷೇಮವಾಗಿಲ್ಲ. ಅದಕ್ಕೆ ತಾವೇ ಕಾರಣರೆಂಬುದನ್ನು ತಮಗೂ ಊರಿಗೂ ಒಟ್ಟಿಗೇ ತಿಳಿಸಲು ಈ ಬಹಿರಂಗ ಪತ್ರ.

ಮಾನ್ಯರೇ,

ನನ್ನ ಅಣ್ಣ ಹೃಷಿಕೇಶ ಹೊಸ ಕಾರು ಕೊಂಡು ಹಳೆಯದನ್ನು ನನಗೆ ದಾಟಿಸಿದ ದಿನದಿಂದಲೂ ತಾವು ಎಂಬತ್ತರ ಮೇಲೆಯೇ ನಿಂತಿದ್ದಿರಿ. ಐವತ್ತು ದಾಟಿದ ಮೇಲೆ ಕಾರು ಕಲಿತ ನನಗೆ ಅದು ಎಷ್ಟು ಧೈರ್ಯ ಕೊಟ್ಟಿತೆಂದರೆ, ಹೊಲಿದ ರವಿಕೆಗಳನ್ನು ಅಜ್ಜಂಪುರದ ಗಿರಾಕಿಗಳಿಗೆ ತಲುಪಿಸಲು ಹೋಗುವಾಗೆಲ್ಲ, ಎರಡನೇ ಗೇರಿನಲ್ಲೇ ಎಂಬತ್ತು ಮುಟ್ಟುವ ನನ್ನ ಕೈಚಳಕಕ್ಕೆ ನಾನೇ ಬೆರಗಾಗುತ್ತಿದ್ದೆ. ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲಿನವರು ನನ್ನನ್ನು ಹಿಂದಿಕ್ಕಿ ಹೋದಾಗ, ನಮ್ಮ ಸೀಮೆಯ ಜನ ತೊಂಬತ್ತರಲ್ಲಿ ಸೈಕಲ್ ತುಳಿಯುತ್ತಾರಲ್ಲ ಎಂದು ಹೆಮ್ಮೆಪಟ್ಟಿದ್ದೇನೆ. ಕಾರು ನಿಂತಾಗಲೂ ತಾವು ಅಲ್ಲೇ ಇರುತ್ತಿದ್ದಿರಂತೆ. ಆದರೆ ನಿಂತ ಕಾರಿನ ವೇಗವನ್ನು ಯಾವ ಸಂಭಾವಿತರು ಬಗ್ಗಿ ನೋಡುತ್ತಾರೆ?

ಹೀಗಿರಲು ಅಜ್ಜಂಪುರದ ಸಂತೆಯ ದಿನ, ಪೊಲೀಸರು ರಸ್ತೆಗೆ ಅಡ್ಡ ಇಟ್ಟಿದ್ದ ಬ್ಯಾರಿಕೇಡಿಗೆ ನಮ್ಮ ಕಾರು ಮೂಗು ತಾಗಿಸಿತು. ಆ ಬ್ಯಾರಿಕೇಡು ಸ್ವಲ್ಪ ಹೊತ್ತು ಯೋಚಿಸಿ, ಪಕ್ಕದಲ್ಲಿದ್ದ ದ್ಯಾವಮ್ಮನ ಈರುಳ್ಳಿ ರಾಶಿಯ ಮೇಲೆ ಮೆಲ್ಲಗೆ ಮಲಗಿತು. ಸಬ್ ಇನ್‌ಸ್ಪೆಕ್ಟರ್ ಬೀರಪ್ಪನವರು ಬಂದು, "ಎಷ್ಟ್ರಲ್ಲಿ ಬತ್ತಿದ್ರಮ್ಮಾ?" ಎಂದು ಕೇಳಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ನಾನು ಸೆರಗು ಸರಿಮಾಡಿಕೊಂಡು, "ಎಂಬತ್ರಲ್ಲಿ ಸರ್. ಯಾವಾಗ್ಲೂ ಅಷ್ಟೇ" ಎಂದೆ.

"ಎಂಬತ್ತಾ?" ಎಂದು ದ್ಯಾವಮ್ಮ ಕೂಗಿದಳು. "ನಾನು ಎದ್ದು, ತಕ್ಕಡಿ ಎತ್ಕಂಡು, ಆ ಕಡೀಕ್ ಹೋಗಿ ನಿಂತ್ಕಂಡ ಮ್ಯಾಲೆ ಬಂತು ಕಣ್ರೀ ಈವಮ್ಮನ ಕಾರು!"

ಅವಳ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಹಾಕಿಕೊಳ್ಳದಿರಲೆಂದು ನಾನೂ ಬಯಸಿದೆ. ನಾನೇ ಒಪ್ಪಿಕೊಂಡ ಮೇಲೆ ಇನ್ನೇನು, ಅತಿವೇಗ ಮತ್ತು ಅಜಾಗರೂಕ ಚಾಲನೆಯೆಂದು ಕ್ರಿಮಿನಲ್ ಕೇಸು ದಾಖಲಾಯಿತು. ಸುದ್ದಿ ತರೀಕೆರೆ ಮುಟ್ಟಿದ್ದೇ ತಡ, ರವಿಕೆಗಾಗಿ ದಿನವೂ ಬಂದು ಪೀಡಿಸುತ್ತಿದ್ದ ಗಿರಾಕಿಗಳು, "ನಿಧಾನಕ್ಕೆ ಹೊಲೀರಿ ಅಮ್ಮಾ, ಅರ್ಜೆಂಟಿಲ್ಲ" ಎನ್ನುತ್ತ ಬಾಗಿಲಿಂದಲೇ ಹಿಂದಿರುಗತೊಡಗಿದರು.

ಈ ಗೌರವವನ್ನು ಕಳೆದವರು ನನ್ನ ವಕೀಲರಾದ ಶ್ರೀರಾಮ್. ಕಾರು ನೋಡಲು ಬಂದವರು, ಎಂಜಿನ್ ಆಫಾಗಿದ್ದರೂ ಎಂಬತ್ತರಲ್ಲಿ ವಿರಾಜಮಾನರಾಗಿದ್ದ ತಮ್ಮನ್ನು ಕಂಡು ಚಪ್ಪಾಳೆ ತಟ್ಟಿ, "ಕೇಸು ಗೆದ್ದ ಹಾಗೇ ಮೇಡಂ, ಮುಳ್ಳು ಕೆಟ್ಟಿದೆ!" ಎಂದರು. ನನಗೆ ಕಾರು ಕಲಿಸಿದ ಕೆಂಪರಾಜುವನ್ನು ಕರೆಸಿ ಕೇಳಿದರೆ, ಅವನು ನೆಲ ನೋಡುತ್ತ, "ಮೊದ್ಲಿಂದ್ಲೂ ಕೆಟ್ಟೇ ಇತ್ತು ಅಮ್ಮಾ. ರಿಪೇರಿ ಮಾಡ್ಸಿದ್ರೆ ನೀವು ನಿಜವಾಗ್ಲೂ ಎಂಬತ್ರಲ್ಲಿ ಓಡಿಸ್ಬಿಡ್ತೀರಾ ಅಂತ ಸುಮ್ನಿದ್ದೆ" ಎಂದನು. ಅಂದು ನನಗೆ ಊಟ ಸೇರಲಿಲ್ಲ. ಆದರೂ ಲೈಸೆನ್ಸ್ ಹೋದರೆ ಅಜ್ಜಂಪುರದ ಗಿರಾಕಿಗಳು ಹೋಗುತ್ತಾರೆಂದು, ನಿಧಾನಸ್ಥೆ ಎಂಬ ಕಳಂಕವನ್ನು ಹೊರಲು ಒಪ್ಪಿದೆ.

ವಿಚಾರಣೆಯ ದಿನ ನ್ಯಾಯಾಧೀಶರು ದೊಡ್ಡ ಮನಸ್ಸು ಮಾಡಿ ತಮ್ಮ ದರ್ಶನಕ್ಕೆಂದು ಕೋರ್ಟಿನ ಅಂಗಳಕ್ಕೇ ಇಳಿದು ಬಂದರು. ವಕೀಲರು ಉತ್ಸಾಹದಿಂದ ಕಾರಿನ ಬಾಗಿಲನ್ನು ಧಡಾರನೆ ಹಾಕಿ, "ಕಿಟಕಿಯಿಂದ ನೋಡೋಣವಾಗಲಿ ಸ್ವಾಮಿ" ಎಂದರು. ಇಷ್ಟು ವರ್ಷ ಯಾವ ಗುಂಡಿಗೂ ಅಲುಗಾಡದೆ ನಿಂತಿದ್ದ ತಾವು, ಆ ಒಂದು ಸದ್ದಿಗೆ, ಬಿಸಿಲಿಗೆ ಬಾಡಿದ ಸೊಪ್ಪಿನಂತೆ ಸೊನ್ನೆಗೆ ಜಾರಿಬಿಟ್ಟಿರಿ!

"ಎಲ್ರೀ ಎಂಬತ್ತು?" ಎಂದರು ನ್ಯಾಯಾಧೀಶರು.

ಬೆವೆತುಹೋದ ವಕೀಲರು, ಈಕೆ ಓಡಿಸುವುದನ್ನು ಒಮ್ಮೆ ಕಣ್ಣಾರೆ ನೋಡಿದರೆ ಸಾಕು, ಎಲ್ಲವೂ ತಿಳಿಯುತ್ತದೆಂದು ಬೇಡಿಕೊಂಡರು. ಅಪ್ಪಣೆಯಾಯಿತು. ನಾನು ಎಂದಿನಂತೆ ಎರಡನೇ ಗೇರಿಗೆ ಹಾಕಿ ತಮ್ಮ ಮುಖ ನೋಡಿದೆ; ಸೊನ್ನೆ. ಕಾರು ಹೊರಟೇ ಇಲ್ಲವೆಂದು ಆಕ್ಸಿಲರೇಟರ್ ಒತ್ತಿದೆ, ಆಗಲೂ ಸೊನ್ನೆ. ಅಷ್ಟು ಜನರ ಮುಂದೆ ಮಾನ ಹೋಗುತ್ತದೆಂದು, ಜೀವಮಾನದಲ್ಲಿ ಪರಿಚಯವೇ ಇಲ್ಲದ ಮೂರನೇ ಗೇರಿಗೆ ಹಾಕಿ ಕಾಲನ್ನು ಪೂರ್ತಿ ಊರಿದೆ. ಬೀರಪ್ಪನವರು ಕಾಂಪೌಂಡ್ ಗೋಡೆ ಹತ್ತಿದರು, ನನ್ನ ವಕೀಲರು ಸರ್ಕಾರಿ ವಕೀಲರನ್ನು ತಬ್ಬಿಕೊಂಡರು, ನ್ಯಾಯಾಧೀಶರು ಗೌನು ಎತ್ತಿ ಹಿಡಿದು ಮೆಟ್ಟಿಲ ಕಡೆಗೆ ಓಡಿದರು. ನನ್ನ ಪರ ಸಾಕ್ಷಿ ಹೇಳಲು ಬಂದಿದ್ದ ದ್ಯಾವಮ್ಮ ಕಂಬದ ಮರೆಯಿಂದ, "ಈಗ್ ನೋಡ್ರಪ್ಪೋ, ಇದು ಎಂಬತ್ತು!" ಎಂದು ಕಿರುಚಿದಳು.

ಅಷ್ಟು ಓಡಿದರೂ ತಾವು ಸೊನ್ನೆ ಬಿಟ್ಟು ಏಳದ್ದರಿಂದ ತಾವು ಕೆಟ್ಟಿರುವುದು ಸಾಬೀತಾಗಿ, ಅಜ್ಜಂಪುರದ ಆರೋಪದಿಂದ ನನ್ನ ಬಿಡುಗಡೆಯಾಗಿದೆ. ಅಂಗಳದ ಒಂದು ಸುತ್ತಿಗಾಗಿ ಲೈಸೆನ್ಸ್ ಅಮಾನತಾಗಿದೆ. ಈಗ ಕೆಂಪರಾಜು ಕಾರು ಓಡಿಸುತ್ತಾನೆ, ನಾನು ಹಿಂದಿನ ಸೀಟಿನಲ್ಲಿ ರವಿಕೆಗಳ ಗಂಟಿನ ಜೊತೆ ಕೂರುತ್ತೇನೆ. ನಿಜ ಹೇಳಬೇಕೆಂದರೆ, ಅಂದು ಕಿಟಕಿಯಿಂದ ನುಗ್ಗಿದ ಗಾಳಿಗೆ ನನ್ನ ತುರುಬು ಬಿಚ್ಚಿಹೋದಾಗ ನನಗೆ ಹೆದರಿಕೆಯಾಗಲಿಲ್ಲ, ನಗು ಬಂದಿತ್ತು. ಆದಕಾರಣ ತಾವು ದಯಮಾಡಿ ಗಾಜಿನ ಮನೆಯಿಂದ ಹೊರಬಂದು, ಕೋರ್ಟಿನ ಮೆಟ್ಟಿಲು ಹತ್ತಿ, ಆ ಸುತ್ತಿನಲ್ಲಿ ನಾನು ಮುಟ್ಟಿದ ವೇಗ ಎಷ್ಟೆಂದು ಪ್ರಮಾಣ ಮಾಡಿ ಹೇಳಬೇಕು. ಶಿಕ್ಷೆ ಹೆಚ್ಚಾದರೂ ಚಿಂತೆಯಿಲ್ಲ, ಆ ಸಂಖ್ಯೆಗೆ ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕುವ ಆಸೆ.

ಇಷ್ಟಾದ ಮೇಲೂ ತಮ್ಮವಳೆಂದೇ ಹೇಳಿಕೊಳ್ಳುವ,
ತಮ್ಮ ವಿಶ್ವಾಸಿ,
ಶಾರದಾಂಬಾ

ತಾ.ಕ.: ತಮ್ಮ ಪಕ್ಕದ ಮನೆಯ ಪೆಟ್ರೋಲ್ ಮುಳ್ಳಿನವರು ಟ್ಯಾಂಕು ತುಂಬಿದೆಯೆಂದು ಬೆಳಗಿನಿಂದಲೂ ಹೇಳುತ್ತಿದ್ದರು. ಸದ್ಯಕ್ಕೆ ಕೆಂಪರಾಜು ಕ್ಯಾನು ಹಿಡಿದು ಕಡೂರಿನ ದಿಕ್ಕಿಗೆ ನಡೆದು ಹೋಗಿದ್ದಾನೆ. ನಾನು ಎಮ್ಮೆದೊಡ್ಡಿ ಕಾವಲಿನ ಹುಲ್ಲುಗಾವಲ ಪಕ್ಕ ಕಾರಿನೊಳಗೆ ಗಾಜು ಏರಿಸಿ ಕೂತು ಇದನ್ನು ಬರೆಯುತ್ತಿದ್ದೇನೆ, ಅಮೃತಮಹಲ್ ಹೋರಿಯೊಂದು ಬಾನೆಟ್ಟಿಗೆ ಕೊಂಬು ಉಜ್ಜುತ್ತಿದೆ. ಆ ಪೆಟ್ರೋಲ್ ಮುಳ್ಳಿನವರಿಗೆ ಬರೆಯಬೇಕಾದ ಪತ್ರ ಇದಕ್ಕಿಂತ ಉದ್ದವಾಗಲಿದೆಯೆಂದು ದಯವಿಟ್ಟು ತಿಳಿಸಿ.